ಮೆಲನೋಮಾ ನಾಲ್ಕನೇ ಹಂತ: ವರದಿಯಲ್ಲಿ ಏನಿರುತ್ತದೆ, ಚಿಕಿತ್ಸೆ ಹೇಗೆ ನಿರ್ಧಾರವಾಗುತ್ತದೆ

ಚರ್ಮದ ಕ್ಯಾನ್ಸರ್‌ಗಳಲ್ಲಿ ಹಲವು ಬಗೆ ಇವೆ. ಈ ಟಿಪ್ಪಣಿ ಮೆಲನೋಮಾ ಬಗ್ಗೆ ಮಾತ್ರ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಇದು ಹುಟ್ಟುತ್ತದೆ. ಬರುವುದು ಅಪರೂಪ, ಆದರೆ ಬೇರೆ ಅಂಗಗಳಿಗೆ ಹರಡುವ ಸ್ವಭಾವ ಜಾಸ್ತಿ. ಕಪ್ಪು, ಕಂದು ಮೈಬಣ್ಣದವರಲ್ಲಿ ಕಂಡುಬಂದಾಗ ಅದು ಹೆಚ್ಚಾಗಿ ಅಂಗಾಲು, ಅಂಗೈ ಅಥವಾ ಉಗುರಿನ ಅಡಿಯಲ್ಲಿರುತ್ತದೆ. ಬಿಸಿಲೇ ಬೀಳದ ಜಾಗ ಅಲ್ವಾ ಅಂತ ಅಲ್ಲಿನ ಹೊಸ ಮಚ್ಚೆಯನ್ನು ಸುಮ್ನೆ ಬಿಡಬಾರದು.

ಓದಲು ಶುರು ಮಾಡಿದಾಗ ನನ್ನನ್ನು ಗೊಂದಲಕ್ಕೆ ತಳ್ಳಿದ್ದು ಒಂದು ಮಾತು: 'ಶ್ವಾಸಕೋಶದಲ್ಲಿ ಮೆಲನೋಮಾ'. ಹಾಗಾದರೆ ಅದು ಶ್ವಾಸಕೋಶದ ಕ್ಯಾನ್ಸರ್ ಆಯಿತಾ? ಇಲ್ಲ. ಕ್ಯಾನ್ಸರ್ ಎಲ್ಲಿಗೆ ಹೋದರೂ ಹುಟ್ಟಿದ ಕೋಶದ ಹೆಸರೇ ಅದಕ್ಕೆ ಉಳಿಯುತ್ತದೆ. ಔಷಧಿಯೂ ಮೆಲನೋಮಾದ್ದೇ. ಇದು ತಲೆಗೆ ಹತ್ತಿದರೆ ವರದಿಯ ಅರ್ಧ ಗೊಂದಲ ಹೋಗುತ್ತದೆ.

ಬಯಾಪ್ಸಿ ವರದಿಯಲ್ಲಿ 'ಬ್ರೆಸ್ಲೋ' ಎಂಬ ಅಳತೆ ಇರುತ್ತದೆ. ಗಡ್ಡೆ ಚರ್ಮದೊಳಗೆ ಎಷ್ಟು ಮಿಲಿಮೀಟರ್ ಇಳಿದಿದೆ ಅನ್ನುವ ಲೆಕ್ಕ ಅದು. 1 ಮಿ.ಮೀ. ಒಳಗಿದ್ದರೆ ತೆಳು, 4 ಮಿ.ಮೀ. ದಾಟಿದರೆ ದಪ್ಪ. ಮೇಲ್ಭಾಗ ಹುಣ್ಣಾಗಿದೆಯೇ ಅಂತಲೂ ನೋಡುತ್ತಾರೆ. ಮೂರನೇ ಹಂತ ಅಂದರೆ ರೋಗ ಹತ್ತಿರದ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಅಥವಾ ಸುತ್ತಲಿನ ಚರ್ಮಕ್ಕೆ ಹೋಗಿದೆ. ನಾಲ್ಕನೆಯದೆಂದರೆ ದೂರದ ಜಾಗ ಮುಟ್ಟಿದೆ. ಶಸ್ತ್ರಚಿಕಿತ್ಸೆಯಿಂದ ಪೂರ್ತಿ ತೆಗೆಯಲಾಗದ ಮೂರನೇ ಹಂತವನ್ನೂ, ನಾಲ್ಕನೇ ಹಂತವನ್ನೂ 'ಮುಂದುವರಿದ' ರೋಗ ಅನ್ನುತ್ತಾರೆ.

ನಾಲ್ಕನೇ ಹಂತದೊಳಗೂ ವ್ಯತ್ಯಾಸ ಇದೆ. ದೂರದ ಚರ್ಮ ಅಥವಾ ದುಗ್ಧಗ್ರಂಥಿಗೆ ಮಾತ್ರ ಹೋಗಿದ್ದರೆ ಎಂ1ಎ, ಶ್ವಾಸಕೋಶವಾದರೆ ಎಂ1ಬಿ, ಯಕೃತ್ತಿನಂಥ ಬೇರೆ ಅಂಗವಾದರೆ ಎಂ1ಸಿ, ಮಿದುಳಾದರೆ ಎಂ1ಡಿ. ರಕ್ತದಲ್ಲಿ ಎಲ್‌ಡಿಎಚ್ ಎಂಬ ಕಿಣ್ವ ಎಷ್ಟಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಹೀಗಾಗಿ 'ನಾಲ್ಕನೇ ಹಂತ' ಎಂದು ಕೇಳಿದ ತಕ್ಷಣ ಎಲ್ಲರಿಗೂ ಒಂದೇ ಭವಿಷ್ಯ ಬರೆಯಬೇಡಿ. ಈ ತಪ್ಪು ನೋಡಿದಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಇನ್ನು ಚಿಕಿತ್ಸೆ. ಅದಕ್ಕೆ ಮೊದಲು ಗಡ್ಡೆಯ ಕೋಶಗಳಲ್ಲಿ ಬ್ರಾಫ್ ಎಂಬ ಜೀನ್ ಬದಲಾಗಿದೆಯೇ ಎಂದು ಪರೀಕ್ಷಿಸುತ್ತಾರೆ. ಚರ್ಮದ ಮೆಲನೋಮಾಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಬದಲಾವಣೆ ಇರುತ್ತದೆ. ಆಗ 'ಬೆಳೆ, ಬೆಳೆ' ಎಂಬ ಸಂದೇಶ ಕೋಶದೊಳಗೆ ನಿಲ್ಲದೆ ಹರಿಯುತ್ತದೆ. ಡಬ್ರಾಫೆನಿಬ್, ಟ್ರಾಮೆಟಿನಿಬ್ ಮಾತ್ರೆಗಳನ್ನು ಜೊತೆಯಾಗಿ ಕೊಟ್ಟು ಈ ದಾರಿಯನ್ನು ಎರಡು ಕಡೆ ಕಟ್ಟುತ್ತಾರೆ. ಗಡ್ಡೆ ಬೇಗ ಕುಗ್ಗುತ್ತದೆ. ಆದರೆ ಅನೇಕರಲ್ಲಿ ರೋಗ ಕಾಲಕ್ರಮೇಣ ಬೇರೆ ದಾರಿ ಹುಡುಕಿಕೊಳ್ಳುತ್ತದೆ.

ಇನ್ನೊಂದು ಬಗೆ ಇಮ್ಯುನೋಥೆರಪಿ. ರೋಗದ ವಿರುದ್ಧ ಹೋರಾಡುವ ನಮ್ಮ ಟಿ ಕೋಶಗಳು ಅತಿಯಾಗಿ ದಾಳಿ ಮಾಡದಂತೆ ದೇಹವೇ ಬ್ರೇಕ್ ಇಟ್ಟಿದೆ. ಕ್ಯಾನ್ಸರ್ ಆ ಬ್ರೇಕನ್ನು ಒತ್ತಿ ಬಚಾವಾಗುತ್ತದೆ. ಇಪಿಲಿಮುಮಾಬ್, ನಿವೊಲುಮಾಬ್, ಪೆಂಬ್ರೊಲಿಜುಮಾಬ್ ಔಷಧಿಗಳು ಬ್ರೇಕ್ ಸಡಿಲಿಸುತ್ತವೆ. ಈ ಬ್ರೇಕ್‌ಗಳನ್ನು ಗುರುತಿಸಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಈ ಔಷಧಿಗಳು ಬರುವ ಮುನ್ನ, ಅಂದರೆ 2011ಕ್ಕಿಂತ ಮೊದಲು, ನಾಲ್ಕನೇ ಹಂತದ ಬಹುಪಾಲು ರೋಗಿಗಳು ಒಂದು ವರ್ಷದೊಳಗೆ ತೀರಿಕೊಳ್ಳುತ್ತಿದ್ದರು. ಚೆಕ್‌ಮೇಟ್ 067 ಪ್ರಯೋಗದಲ್ಲಿ ನಿವೊಲುಮಾಬ್, ಇಪಿಲಿಮುಮಾಬ್ ಎರಡನ್ನೂ ಪಡೆದವರಲ್ಲಿ ಸುಮಾರು 43% ಜನ 10 ವರ್ಷದ ನಂತರವೂ ಬದುಕಿದ್ದರು. ಈ ಅಂಕಿಯನ್ನು ಎರಡು ಸಲ ಓದಿದೆ. ಆದರೂ ನೆನಪಿರಲಿ, ಪ್ರಯೋಗಕ್ಕೆ ಸೇರಿದವರು ತಕ್ಕಮಟ್ಟಿಗೆ ಓಡಾಡಿಕೊಂಡಿದ್ದವರು. ಎಲ್ಲರಿಗೂ ಇದೇ ಲೆಕ್ಕ ಹೊಂದುವುದಿಲ್ಲ.

ಬ್ರಾಫ್ ಬದಲಾವಣೆ ಇದ್ದರೆ ಯಾವುದು ಮೊದಲು? ಡ್ರೀಮ್‌ಸೆಕ್ ಪ್ರಯೋಗದಲ್ಲಿ ಇಮ್ಯುನೋಥೆರಪಿಯಿಂದ ಶುರು ಮಾಡಿದವರಲ್ಲಿ 2 ವರ್ಷಕ್ಕೆ ಸುಮಾರು 72% ಜನ ಬದುಕಿದ್ದರು. ಮಾತ್ರೆಯಿಂದ ಶುರು ಮಾಡಿದವರಲ್ಲಿ ಇದು ಸುಮಾರು 52%. ಆದರೆ ರೋಗ ತುಂಬಾ ವೇಗವಾಗಿ ಏರುತ್ತಿದ್ದರೆ ವೈದ್ಯರು ಮಾತ್ರೆಯನ್ನೇ ಮೊದಲು ಆರಿಸಬಹುದು.

ಬ್ರೇಕ್ ಸಡಿಲಿಸಿದರೆ ಟಿ ಕೋಶಗಳು ಸ್ವಂತ ಅಂಗಗಳ ಮೇಲೂ ಎರಗಬಹುದು. ಕರುಳು, ಯಕೃತ್ತು, ಥೈರಾಯ್ಡ್, ಶ್ವಾಸಕೋಶ, ಯಾವುದಾದರೂ ಆಗಬಹುದು. ಪದೇ ಪದೇ ಭೇದಿ, ಹೊಸ ಕೆಮ್ಮು, ಉಸಿರಾಟಕ್ಕೆ ಕಷ್ಟ, ವಿಪರೀತ ಸುಸ್ತು ಕಂಡರೆ ಮುಂದಿನ ಭೇಟಿಯವರೆಗೆ ಕಾಯದೆ ಅದೇ ದಿನ ಚಿಕಿತ್ಸಾ ತಂಡಕ್ಕೆ ತಿಳಿಸಬೇಕು. ಬೇಗ ಸ್ಟೀರಾಯ್ಡ್ ಶುರು ಮಾಡಿದರೆ ಹೆಚ್ಚಿನವು ಹಿಡಿತಕ್ಕೆ ಬರುತ್ತವೆ. ಔಷಧಿ ನಿಲ್ಲಿಸಿ ತಿಂಗಳುಗಳಾದ ಮೇಲೂ ಇವು ಬರಬಹುದು. ಹಾಗಾಗಿ ಬೇರೆ ಯಾವ ವೈದ್ಯರ ಬಳಿ ಹೋದರೂ ಹಿಂದೆ ಇಮ್ಯುನೋಥೆರಪಿ ಆಗಿತ್ತು ಎಂದು ಮೊದಲೇ ಹೇಳಬೇಕು.