ಬಿಸಿ ಹಾಲೇ ಮೊದಲು ಗಟ್ಟಿಯಾಯಿತು

1963ರ ಮಾತು. ಈಗಿನ ತಾಂಜಾನಿಯಾದ ಮಗಂಬಾ ಶಾಲೆಯಲ್ಲಿ ಹುಡುಗರು ಐಸ್‌ಕ್ರೀಮ್ ಮಾಡುತ್ತಿದ್ದರು. ಹಾಲು ಕಾಯಿಸಿ, ಸಕ್ಕರೆ ಬೆರೆಸಿ, ಆರಿದ ಮೇಲೆ ಫ್ರೀಜರ್‌ಗೆ ಇಡಬೇಕು. ಆದರೆ ಒಳಗೆ ಜಾಗ ಕಮ್ಮಿ, ಹುಡುಗರು ಜಾಸ್ತಿ. ಒಬ್ಬ ಹಾಲು ಕಾಯಿಸದೆಯೇ ಟ್ರೇಗೆ ಸುರಿದು ಇಟ್ಟುಬಿಟ್ಟ. ಇದ್ದ ಜಾಗವೂ ಹೋದೀತು ಅಂತ ಎರಾಸ್ಟೊ ಎಂಪೆಂಬಾ ಕುದಿದ ಹಾಲನ್ನು ಬಿಸಿಬಿಸಿಯಾಗೇ ಒಳಗೆ ತಳ್ಳಿದ. ಒಂದೂವರೆ ಗಂಟೆ ಬಿಟ್ಟು ನೋಡಿದರೆ ಅವನ ಹಾಲು ಗಟ್ಟಿಯಾಗಿತ್ತು. ಗೆಳೆಯನದು ಇನ್ನೂ ಗಂಜಿಯ ಹದದಲ್ಲೇ ಇತ್ತು.

ಮೇಷ್ಟ್ರನ್ನು ಕೇಳಿದ. ನಿನಗೇನೋ ಗೊಂದಲ ಆಗಿದೆ ಎಂದರು. ಟಾಂಗಾ ಊರಿನಲ್ಲಿ ಐಸ್‌ಕ್ರೀಮ್ ಮಾರುವ ಗೆಳೆಯನಿಗೆ ಮಾತ್ರ ಇದು ಹೊಸದಲ್ಲ. ಬೇಗ ಗಟ್ಟಿಯಾಗಲಿ ಅಂತಲೇ ಅವನು ಬಿಸಿಯಾಗಿ ಇಡುತ್ತಿದ್ದ. ಮುಂದೆ ಹೈಸ್ಕೂಲಿನಲ್ಲಿ ಎಂಪೆಂಬಾ ಮತ್ತೆ ಕೇಳಿದಾಗ, 'ಅದು ಎಂಪೆಂಬಾನ ಭೌತಶಾಸ್ತ್ರ' ಎಂಬ ಉತ್ತರ ಬಂತು. ಆಮೇಲೆ ಲೆಕ್ಕ ತಪ್ಪಿದರೂ 'ಎಂಪೆಂಬಾನ ಗಣಿತ' ಎಂಬ ಹಂಗಿಸುವ ಮಾತು.

ದಾರ್ ಎಸ್ ಸಲಾಮ್‌ನಿಂದ ಭೌತಶಾಸ್ತ್ರದ ಪ್ರೊಫೆಸರ್ ಡೆನಿಸ್ ಆಸ್ಬೋರ್ನ್ ಶಾಲೆಗೆ ಬಂದಾಗಲೂ ಹುಡುಗ ಅದೇ ಪ್ರಶ್ನೆ ಎತ್ತಿದ. ಸಹಪಾಠಿಗಳು ನಕ್ಕರು. ಆಸ್ಬೋರ್ನ್ ಮಾತ್ರ ಅದನ್ನು ತಳ್ಳಿಹಾಕಲಿಲ್ಲ, ವಾಪಸ್ ಹೋಗಿ ಪ್ರಯೋಗ ಮಾಡಿಸಿದರು. ಬಿಸಿ ನೀರೇ ಮೊದಲು ಹೆಪ್ಪುಗಟ್ಟಿತು. ಸರಿಯಾದ ಉತ್ತರ ಬರುವ ತನಕ ಮತ್ತೆ ಮತ್ತೆ ಮಾಡ್ತೀವಿ ಅಂದರಂತೆ ಸಹಾಯಕರು! 1969ರಲ್ಲಿ ಎಂಪೆಂಬಾ, ಆಸ್ಬೋರ್ನ್ ಇಬ್ಬರ ಹೆಸರಲ್ಲೂ ಲೇಖನ ಬಂತು.

ಹಾಗೆ ನೋಡಿದರೆ ಈ ಮಾತು ಅರಿಸ್ಟಾಟಲ್‌ನಷ್ಟು ಹಳೆಯದು. ಬೇಕನ್, ಡೆಕಾರ್ಟ್‌ನಂಥ ತತ್ವಜ್ಞಾನಿಗಳೂ ಬರೆದಿದ್ದಾರೆ.

ಕಾರಣ ಏನು? ಬಿಸಿ ನೀರು ಆವಿಯಾಗಿ ಸ್ವಲ್ಪ ಕಮ್ಮಿಯಾಗುತ್ತದೆ. ಕುದಿಸಿದಾಗ ಕರಗಿದ್ದ ಗಾಳಿ ಹೊರಹೋಗುತ್ತದೆ. ಬಿಸಿ ಪಾತ್ರೆ ತನ್ನ ಕೆಳಗಿನ ಹಿಮದ ಪದರ ಕರಗಿಸಿ ಫ್ರೀಜರ್‌ನ ತಳಕ್ಕೆ ಗಟ್ಟಿಯಾಗಿ ಅಂಟಿಕೊಂಡು ಬೇಗ ತಣ್ಣಗಾಗುತ್ತದೆ. ತಣ್ಣೀರು ಕೆಲವೊಮ್ಮೆ ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೂ ನೀರಾಗಿಯೇ ಉಳಿಯುತ್ತದೆ. ಇದರಲ್ಲಿ ಯಾವುದೋ ಒಂದೇ ಎಲ್ಲ ಪ್ರಯೋಗಕ್ಕೂ ಹೊಂದುವುದಿಲ್ಲ, ತೊಡಕು ಇರುವುದೇ ಇಲ್ಲಿ. ಮೇಲಾಗಿ 'ಹೆಪ್ಪುಗಟ್ಟುವುದು' ಅಂದರೆ ಯಾವ ಗಳಿಗೆ? ಮೊದಲ ಹರಳು ಮೂಡಿದಾಗಲೋ, ಪೂರ್ತಿ ಗಡ್ಡೆಯಾದಾಗಲೋ? 2016ರಲ್ಲಿ ಇಂಗ್ಲೆಂಡಿನ ಇಬ್ಬರು ಸಂಶೋಧಕರು, ಥರ್ಮಾಮೀಟರ್ ಒಂದು ಸೆಂಟಿಮೀಟರ್ ಮೇಲೆ ಕೆಳಗಾದರೂ ಫಲಿತಾಂಶ ತಿರುವುಮುರುವಾಗಬಹುದು ಎಂದು ತೋರಿಸಿದರು. ಬಿಸಿ ನೀರೇ ಮೊದಲು ಹೆಪ್ಪುಗಟ್ಟುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯೇ ಇಲ್ಲ ಎಂದರು.

2020ರಲ್ಲಿ ಕೆನಡಾದ ಸಂಶೋಧಕರಾದ ಅವಿನಾಶ್ ಕುಮಾರ್ ಮತ್ತು ಜಾನ್ ಬೆಕ್‌ಹೋಫರ್ ಹೆಪ್ಪುಗಟ್ಟಿಸುವ ಗೋಜಿಗೇ ಹೋಗಲಿಲ್ಲ. ನೀರಿನಲ್ಲಿ ತೇಲುವ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಯನ್ನು ಲೇಸರ್‌ನಿಂದ ಹಿಡಿದು ಪರೀಕ್ಷಿಸಿದರು. ಹೆಚ್ಚು ಬಿಸಿಯ ಸ್ಥಿತಿಯಿಂದ ಹೊರಟ ಮಣಿ ಬೇಗ ತಣ್ಣಗಾಯಿತು. ಅದಕ್ಕೆ ಅವರು ಬಳಸಿದ ಹೆಸರು: ಎಂಪೆಂಬಾ ಪರಿಣಾಮ.