ಬೆಳ್ಳುಳ್ಳಿ ಮಾತ್ರೆಗೆ ಕೊಲೆಸ್ಟ್ರಾಲ್ ಬಗ್ಗುತ್ತಾ?

ರಕ್ತ ಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಬಂತು. ಯಾರೋ ಹೇಳಿದರು ಅಂತ ಗಿಡಮೂಲಿಕೆಯ ಮಾತ್ರೆ ಶುರು ಮಾಡಿದಿರಿ. ಎರಡು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿದರೆ ಇಳಿದಿದೆ. ಮಾತ್ರೆ ಕೆಲಸ ಮಾಡಿತು ಅನ್ನಲು ಇಷ್ಟು ಸಾಕಲ್ವಾ?

ಸಾಲದು. ಕೊಲೆಸ್ಟ್ರಾಲ್ ಒಬ್ಬರಲ್ಲೇ ವಾರದಿಂದ ವಾರಕ್ಕೆ ಏರಿಳಿಯುತ್ತದೆ. ನಾವು ಗಾಬರಿಯಾಗುವುದು ಅದು ಏರಿದ್ದಾಗ. ಆಮೇಲೆ ಏನೂ ಮಾಡದಿದ್ದರೂ ಮುಂದಿನ ಸಲ ಒಂಚೂರು ಕಮ್ಮಿ ಬರುವ ಸಾಧ್ಯತೆಯೇ ಹೆಚ್ಚು. ಗಾಬರಿಯಾದವರು ಸುಮ್ನೆ ಕೂರುವುದೂ ಇಲ್ಲ. ಕರಿದದ್ದು ಬಿಡುತ್ತಾರೆ, ನಡೆಯಲು ಹೋಗುತ್ತಾರೆ. ಹೆಸರು ಮಾತ್ರ ಮಾತ್ರೆಗೆ.

ಅದಕ್ಕೇ ವಿಜ್ಞಾನಿಗಳು ಚೀಟಿ ಎತ್ತಿದ ಹಾಗೆ ಜನರನ್ನು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ನಿಜವಾದ ಮಾತ್ರೆ, ಇನ್ನೊಂದಕ್ಕೆ ನೋಡಲು ಹಾಗೇ ಇರುವ ಹುಸಿ ಮಾತ್ರೆ. ಲೆಕ್ಕಕ್ಕೆ ಬರುವುದು ಎರಡು ಗುಂಪುಗಳ ನಡುವಿನ ವ್ಯತ್ಯಾಸ.

ಗುಗ್ಗುಳದ ಕಥೆ ನೋಡಿ. ಈ ಗಿಡದ ಅಂಟಿನಲ್ಲಿರುವ ಗುಗ್ಗುಲ್‌ಸ್ಟೆರೋನ್ ಇಲಿಗಳ ಯಕೃತ್ತಿನಲ್ಲಿ ಕೊಲೆಸ್ಟ್ರಾಲನ್ನು ಇಳಿಸುತ್ತದೆ ಎಂದು 2002ರಲ್ಲಿ ಒಂದು ಅಧ್ಯಯನ ತೋರಿಸಿತು. ಹೇಗೆ ಇಳಿಸುತ್ತದೆ ಎಂಬುದಕ್ಕೂ ಒಳ್ಳೆಯ ವಿವರಣೆ ಇತ್ತು. ಮರುವರ್ಷ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 103 ಜನರ ಮೇಲೆ 8 ವಾರ ನಡೆಸಿದ ಪರೀಕ್ಷೆಯ ಫಲಿತಾಂಶ ಬಂತು. ಗುಗ್ಗುಳ ತಿಂದವರಲ್ಲಿ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, ಶೇ. 4–5ರಷ್ಟು ಏರಿತ್ತು! ಹುಸಿ ಮಾತ್ರೆ ತಿಂದವರಲ್ಲಿ ಶೇ. 5ರಷ್ಟು ಇಳಿದಿತ್ತು. ಕೆಲವರಿಗೆ ಗುಗ್ಗುಳದಿಂದ ಮೈಮೇಲೆ ದದ್ದು ಬೇರೆ ಎದ್ದಿತು. ಇಲಿಯಲ್ಲಿ ಹೊಂದಿಕೊಂಡ ವಿವರಣೆ ಮನುಷ್ಯರಲ್ಲಿ ಕೈಕೊಟ್ಟಿತು.

ಬೆಳ್ಳುಳ್ಳಿಗೂ ಹೀಗೇ ಆಯಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 192 ಜನರ ಮೇಲೆ ಆರು ತಿಂಗಳು ನಡೆದ ಪರೀಕ್ಷೆಯ ವರದಿ 2007ರಲ್ಲಿ ಬಂತು. ಮಾತ್ರೆಗಳನ್ನಷ್ಟೇ ಅಲ್ಲ, ಹಸಿ ಬೆಳ್ಳುಳ್ಳಿಯನ್ನೂ ಸ್ಯಾಂಡ್‌ವಿಚ್‌ನಲ್ಲಿಟ್ಟು ಕೊಟ್ಟಿದ್ದರು. ಯಾವುದರಿಂದಲೂ ಎಲ್‌ಡಿಎಲ್ ಇಳಿಯಲಿಲ್ಲ. (ಬೆಳ್ಳುಳ್ಳಿಯ ವಾಸನೆ ಬಚ್ಚಿಟ್ಟು ಪರೀಕ್ಷೆ ಮಾಡುವವರ ಪಾಡು ಊಹಿಸಿ!)

2022ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಆಸ್ಪತ್ರೆಯವರು ಇಂಥ ಹಲವನ್ನು ಒಟ್ಟಿಗೆ ಕಣಕ್ಕಿಳಿಸಿದರು. 190 ಜನ, ಎಂಟು ಗುಂಪು, 28 ದಿನ. ಒಂದು ಗುಂಪಿಗೆ 5 ಮಿಲಿಗ್ರಾಂ ರೋಸುವಾಸ್ಟಾಟಿನ್ (ಕೊಲೆಸ್ಟ್ರಾಲ್ ಇಳಿಸಲು ಡಾಕ್ಟರು ಕೊಡುವ ಸ್ಟ್ಯಾಟಿನ್ ಎಂಬ ಬಗೆಯ ಔಷಧಿ), ಒಂದಕ್ಕೆ ಹುಸಿ ಮಾತ್ರೆ. ಉಳಿದವರಿಗೆ ಮೀನೆಣ್ಣೆ, ದಾಲ್ಚಿನ್ನಿ, ಬೆಳ್ಳುಳ್ಳಿ, ಅರಿಶಿನ, ಸಸ್ಯ ಸ್ಟೆರಾಲ್, ಕೆಂಪು ಯೀಸ್ಟ್ ಅಕ್ಕಿ. ರೋಸುವಾಸ್ಟಾಟಿನ್ ಎಲ್‌ಡಿಎಲ್ ಅನ್ನು ಶೇ. 38ರಷ್ಟು ಇಳಿಸಿತು. ಉಳಿದ ಆರರಲ್ಲಿ ಒಂದೂ ಹುಸಿ ಮಾತ್ರೆಯನ್ನು ಮೀರಿಸಲಿಲ್ಲ.

ಈ ಫಲಿತಾಂಶವನ್ನು ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ದುಡ್ಡು ಕೊಟ್ಟದ್ದು ರೋಸುವಾಸ್ಟಾಟಿನ್ ತಯಾರಿಸುವ ಆಸ್ಟ್ರಾಜೆನೆಕಾ ಕಂಪನಿ. ಒಂದೊಂದು ಗುಂಪಿನಲ್ಲಿದ್ದವರು ಇಪ್ಪತ್ತು ಚಿಲ್ಲರೆ ಜನ, ಅಷ್ಟರಲ್ಲಿ ಚಿಕ್ಕ ಪರಿಣಾಮ ಕಣ್ಣಿಗೆ ಬೀಳದೇ ಹೋಗಬಹುದು. ಸಸ್ಯ ಸ್ಟೆರಾಲ್ ವಿಷಯದಲ್ಲಿ ಹೀಗಾಗಿರಬಹುದು ಅಂತ ನನಗನ್ನಿಸುತ್ತದೆ. ಅದರ ಅಣು ಕೊಲೆಸ್ಟ್ರಾಲ್ ಅಣುವಿನ ಹಾಗೇ ಇರುತ್ತದೆ. ಕರುಳಿನಲ್ಲಿ ಅದರ ಜಾಗಕ್ಕೆ ತಾನು ನುಗ್ಗಿ, ಕೊಲೆಸ್ಟ್ರಾಲ್ ರಕ್ತ ಸೇರುವುದನ್ನು ತಡೆಯುತ್ತದೆ. ದಿನಕ್ಕೆ 2 ಗ್ರಾಂ ತಿಂದರೆ ಎಲ್‌ಡಿಎಲ್ ಶೇ. 8–10ರಷ್ಟು ಇಳಿಯುತ್ತದೆ ಎಂದು ಬೇರೆ ಎಷ್ಟೋ ಪರೀಕ್ಷೆಗಳು ತೋರಿಸಿವೆ. ಸ್ಟ್ಯಾಟಿನ್ ಮಾತ್ರೆಯ ಪಕ್ಕ ಇಟ್ಟರೆ ಇದು ಕಮ್ಮಿಯೇ.

ಕೆಂಪು ಯೀಸ್ಟ್ ಅಕ್ಕಿಯದು ಬೇರೆಯದೇ ತಕರಾರು. ಅಕ್ಕಿಯ ಮೇಲೆ ಒಂದು ಜಾತಿಯ ಬೂಷ್ಟು ಬೆಳೆಸಿ ಅದನ್ನು ತಯಾರಿಸುತ್ತಾರೆ. ಇಂಥದ್ದೇ ಬೂಷ್ಟಿನಿಂದ ಜಪಾನಿನ ಅಕಿರಾ ಎಂಡೋ 1979ರಲ್ಲಿ ಮೊನಾಕೊಲಿನ್ ಕೆ ಎಂಬ ವಸ್ತುವನ್ನು ಬೇರ್ಪಡಿಸಿದರು. 1987ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಲೋವಾಸ್ಟಾಟಿನ್ ಔಷಧಿಯೂ ಇದೇ ವಸ್ತು. ಅಂದರೆ 'ನೈಸರ್ಗಿಕ' ಎಂಬ ಚೀಟಿಯ ಹಿಂದೆ ಇರುವುದು ಸ್ಟ್ಯಾಟಿನ್ನೇ. ಆದರೆ ಒಂದು ಡಬ್ಬಿಯಲ್ಲಿ ಅದು ತುಂಬಾ ಇರಬಹುದು, ಇನ್ನೊಂದರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು. ಸ್ನಾಯು ನೋವಿನಂಥ ಅಡ್ಡ ಪರಿಣಾಮಗಳೂ ಸ್ಟ್ಯಾಟಿನ್‌ನವೇ. ಈಗಾಗಲೇ ಸ್ಟ್ಯಾಟಿನ್ ತೆಗೆದುಕೊಳ್ಳುವವರು ಇದನ್ನೂ ಸೇರಿಸಿಕೊಂಡರೆ ಒಂದೇ ಬಗೆಯ ಔಷಧಿಯನ್ನು ಎರಡು ಸಲ ನುಂಗಿದಂತೆ. ಅದು ಡಾಕ್ಟರಿಗೆ ಗೊತ್ತಿರುವುದಿಲ್ಲ, ನೀವಾಗಿ ಹೇಳದ ಹೊರತು.