ಭಯ ಹೋದ ಮೇಲೆ ಪಾರ್ಟು ಮಾಡ್ತೀರಾ? ಹಾಗಾದ್ರೆ ಕಾಯ್ತಾ ಇರಿ

ಪ್ರಶ್ನೆ: ನಾಟಕದಲ್ಲಿ ಪಾರ್ಟು ಮಾಡುವ ಆಸೆ. ಆದರೆ ಸ್ಟೇಜ್ ನೆನೆಸಿಕೊಂಡರೇ ಕೈಕಾಲು ನಡುಗುತ್ತವೆ. ನನ್ನಲ್ಲಿ ಕಲೆ ಇಲ್ಲ ಅಂತ ಅರ್ಥವಾ? ಭಯ ಹೋಗಲು ಏನು ಮಾಡಬೇಕು?

ದಾವಣಗೆರೆಯಲ್ಲಿ ದುಗ್ಗಮ್ಮನ ಜಾತ್ರೆ ಹತ್ತಿರ ಬಂತು ಅಂದರೆ ಈ ಪ್ರಶ್ನೆಯೂ ಬಂತು ಅಂತಲೇ ಲೆಕ್ಕ. ಉತ್ತರ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಭಯ ಹೋಗಲ್ಲ. ಪಾರ್ಟು ಮಾಡಿ.

ನನಗೆ ಸಿಟ್ಟು ತರಿಸುವುದು ಆ 'ಕಲೆ ಇಲ್ಲ' ಅನ್ನುವ ಮಾತು. ಹುಟ್ಟು ಕಲಾವಿದನಿಗೆ ಭಯವೇ ಇರಲ್ಲವಂತೆ, ಅದು ರಕ್ತದಲ್ಲೇ ಬಂದಿರುತ್ತದಂತೆ. ರಂಗನಟಿ ಚಿಂದೋಡಿ ಲೀಲಾ ಅವರ ಊರಿನವರು, ಕೆ.ಬಿ.ಆರ್. ಡ್ರಾಮಾ ಕಂಪನಿ ನೋಡಿ ಬೆಳೆದವರು ಹೀಗೆ ಹೇಳಬಹುದೇ? ಕಂಪನಿಯವರು ಒಂದೇ ನಾಟಕವನ್ನು ರಾತ್ರಿ ಮೇಲೆ ರಾತ್ರಿ ಆಡುತ್ತಿದ್ದರು. ನೀವು ಚಾಪೆ ಮೇಲೆ ಕೂತು ನೋಡಿದ್ದು ಎಷ್ಟನೇ ರಾತ್ರಿಯೋ ಏನೋ!

ಬ್ರಿಟನ್ನಿನ ನಟ ಲಾರೆನ್ಸ್ ಒಲಿವಿಯರ್ ಹೆಸರು ಕೇಳಿದ್ದೀರಲ್ವಾ? 1960ರ ದಶಕದಲ್ಲಿ ಅಲ್ಲಿನ ನ್ಯಾಷನಲ್ ಥಿಯೇಟರಿಗೆ ಅವರೇ ಯಜಮಾನ. ಆಗಲೇ ಐವತ್ತೇಳು ದಾಟಿತ್ತು. ಆ ವಯಸ್ಸಿನಲ್ಲಿ ಸ್ಟೇಜ್ ಭಯ ಹಿಡಿದುಕೊಂಡು ಕೆಲವು ವರ್ಷ ಕಾಡಿತು. ಜೊತೆಗಿನ ನಟರಿಗೆ 'ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ' ಎಂದು ಕೇಳಿಕೊಳ್ಳುತ್ತಿದ್ದರು. ಚೆಲ್ಲೊ (ದೊಡ್ಡ ಪಿಟೀಲಿನಂಥ ವಾದ್ಯ) ವಾದಕ ಪಾಬ್ಲೊ ಕಸಾಲ್ಸ್ 1973ರಲ್ಲಿ ತೀರಿಕೊಂಡಾಗ 96 ವರ್ಷ. ಕಛೇರಿಗೆ ಮುಂಚಿನ ದಿಗಿಲು ಅವರನ್ನು ಕೊನೆವರೆಗೂ ಬಿಡಲಿಲ್ಲ. ಇವರಲ್ಲೂ ಕಲೆ ಇರಲಿಲ್ಲ ಅನ್ನೋಣವೇ?

ಹಾಗಾದರೆ ಸ್ಟೇಜಿನಲ್ಲಿ ಮಾತು ಮರೆಯುವುದು ಯಾಕೆ? 1965ರಲ್ಲಿ ರಾಬರ್ಟ್ ಜಯಾನ್ಸ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು ಚೆನ್ನಾಗಿ ಬಿಡಿಸಿಟ್ಟ. ನಾಲ್ಕು ಜನ ಎದುರಿಗೆ ಇದ್ದರೆ ಪಳಗಿದ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ, ಅರೆಬರೆ ಕಲಿತದ್ದು ಇನ್ನೂ ಕೆಡುತ್ತದೆ. ಕೈಕೊಟ್ಟಿದ್ದು ನಿಮ್ಮ ಅರೆಬರೆ ಕಂಠಪಾಠ. ಬೈಸಿಕೊಂಡಿದ್ದು ಪಾಪ, ಭಯ.

ಹರಿಹರದ ಕಡೆಯ ಒಂದು ಹಳ್ಳಿಗೆ ನಾಟಕ ಕಲಿಸಲು ಹೋಗಿದ್ದೆ. ಇನ್ಸ್‌ಪೆಕ್ಟರ್ ಪಾರ್ಟಿನ ಹುಡುಗ ಶಾಲೆ ಕೋಣೆಯ ಬಾಗಿಲು ಹಾಕಿಕೊಂಡರೆ ಹುಲಿ. ಕಿಟಕಿಯಲ್ಲಿ ಇಬ್ಬರು ಹೆಂಗಸರು ಇಣುಕಿದರೆ ಇಲಿ. 'ಬಾಯಿಗೆ ಬರ್ತಾನೇ ಇಲ್ಲ ಮೇಷ್ಟ್ರೇ' ಅಂತ ಅಳುವುದೊಂದು ಬಾಕಿ. ಬಾಗಿಲು ತೆಗೆಸಿದೆ. ಮಾರನೇ ದಿನದಿಂದ ಕಟಿಂಗ್ ಶಾಪಿನಲ್ಲಿ, ಭತ್ತದ ಟ್ರ್ಯಾಕ್ಟರ್ ಮೇಲೆ, ಎಲ್ಲರ ಎದುರೇ ಮಾತು ಹೇಳಿಸಿದೆ. ಮೊದಲ ವಾರ ಊರೆಲ್ಲ ನಕ್ಕಿತು. ಮೂರನೇ ವಾರಕ್ಕೆ ಅವನ ಮಾತು ಕಟಿಂಗ್ ಶಾಪಿನವನಿಗೂ ಬಾಯಿಪಾಠ ಆಗಿತ್ತು. ಜಾತ್ರೆ ರಾತ್ರಿ ಸೈಡ್‌ವಿಂಗಿನಲ್ಲಿ ಅವನ ಕೈ ಹಿಡಿದು ನೋಡಿದೆ, ಮಂಜುಗಡ್ಡೆ. ಆದರೂ ಒಂದು ಮಾತೂ ತಪ್ಪಲಿಲ್ಲ. ಮಾತು ಮರೆತರೆ ನೆನಪಿಸುವ ಪ್ರಾಂಪ್ಟರ್ ಸುಮ್ನೆ ಕೂತಿದ್ದ.

'ಸಮಾಧಾನ, ಸಮಾಧಾನ' ಅಂತ ಬೆನ್ನು ತಟ್ಟುವವರಿಗೆ ಒಂದು ಮಾತು. 2014ರಲ್ಲಿ ಹಾರ್ವರ್ಡಿನ ಆಲಿಸನ್ ವುಡ್ ಬ್ರೂಕ್ಸ್ ಪ್ರಯೋಗ ಮಾಡಿ ನೋಡಿದ್ದಾರೆ. ಹಾಡುವ ಮುಂಚೆ 'ನನಗೆ ಭಯ' ಅಂದುಕೊಂಡವರಿಗಿಂತ 'ನನಗೆ ಹುರುಪು' ಅಂದುಕೊಂಡವರೇ ಚೆನ್ನಾಗಿ ಹಾಡಿದರು. ಎದೆ ಎರಡರಲ್ಲೂ ಒಂದೇ ಥರ ಬಡಿದುಕೊಳ್ಳುತ್ತದೆ, ನೀವು ಇಡುವ ಹೆಸರು ಬೇರೆ ಅಷ್ಟೇ.

ಇದನ್ನು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಕವಿಗೋಷ್ಠಿಯಲ್ಲಿ ಓದುವವರು ಬಿಡಿ ಹಾಳೆ ಹಿಡಿದು ನಿಲ್ಲಬೇಡಿ. ನನ್ನ ಮೊದಲ ಗೋಷ್ಠಿಯಲ್ಲಿ ಹಾಳೆ ಪಟಪಟ ಅಂದದ್ದು ಮೈಕಿನಲ್ಲಿ ಕೇಳಿಸಿ, ಮುಂದಿನ ಸಾಲಿನವರು ಫ್ಯಾನ್ ಕಡೆ ನೋಡಿದ್ದರು. ಪದ್ಯ ಯಾರಿಗೂ ನೆನಪಿಲ್ಲ, ಆ ಸದ್ದು ನೆನಪಿದೆ. ಎಕ್ಸಾಂ ಪ್ಯಾಡಿಗೆ ಹಾಳೆ ಸಿಕ್ಕಿಸಿಕೊಂಡು ಹೋಗಿ. ಕೈ ಎಷ್ಟಾದರೂ ನಡುಗಲಿ, ಪ್ಯಾಡ್ ಸದ್ದು ಮಾಡಲ್ಲ. ನಾನು ಈಗಲೂ ಹಾಗೇ ಓದುವುದು. ಪ್ಯಾಡಿನ ಹಿಂದೆ ಮಗಳ ಹತ್ತನೇ ಕ್ಲಾಸಿನ ರಿಜಿಸ್ಟರ್ ನಂಬರ್ ಇನ್ನೂ ಹಾಗೇ ಇದೆ.